ಜಮಖಂಡಿ ಸೀಮೆಯ ನೇಕಾರಿಕೆ: ಕೂಲಿ, ಕುಶಲತೆ ಮತ್ತು ದುಡಿಮೆಯ ಬೇಡಿಕೆ

ಕೂಲಿ ಏರಿದರೆ ಮಾಲೀಕನು ಕೆಲಸಗಾರರನ್ನು ಕಡಿಮೆ ಮಾಡುತ್ತಾನೆಂಬುದು ಅರ್ಥಶಾಸ್ತ್ರದ ಸಾಮಾನ್ಯ ಗ್ರಹಿಕೆ. ಆದರೆ ಯಾವ ಕುಶಲತೆಯವರನ್ನು ಬಿಟ್ಟು ಯಾರನ್ನು ಇಟ್ಟುಕೊಳ್ಳುತ್ತಾನೆಂಬುದಕ್ಕೆ ಆಯಾ ಉದ್ಯಮದ ಚರಿತ್ರೆಯಲ್ಲಿಯೇ ಉತ್ತರ ಹುಡುಕಬೇಕಾಗುತ್ತದೆ. ಹುನ್ನೂರಿನಂತಹ ಬೇಸಾಯದ ಊರುಗಳುಳ್ಳ ಜಮಖಂಡಿ ಸೀಮೆಯಲ್ಲಿ ರಬಕವಿ-ಬನಹಟ್ಟಿಗಳು ನೇಕಾರಿಕೆಗೆ ಹೆಸರಾದವು. 1948ರಲ್ಲಿ ಸಂಸ್ಥಾನಗಳ ವಿಲೀನದಿಂದ ಮುಂಬಯಿ ಪ್ರಾಂತವನ್ನೂ 1956ರಲ್ಲಿ ಮೈಸೂರು ರಾಜ್ಯವನ್ನೂ ಸೇರಿದ ಈ ಭಾಗ 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ.

ಕೈಮಗ್ಗದ ವ್ಯವಸ್ಥೆಯಲ್ಲಿ ಮಾಲೀಕನು ನೂಲು ಕೊಟ್ಟು, ನೇಯ್ದ ಸೀರೆಗೆ ಇಂತಿಷ್ಟೆಂದು ಕೂಲಿ ಕೊಡುತ್ತಿದ್ದನು. ಈ ಕೂಲಿ ನೇಕಾರನೊಬ್ಬನದೆಂದು ಕಂಡರೂ ಕಂಡಿಕೆ ಸುತ್ತುವ ಹೆಂಗಸರ ಹಾಗೂ ಮುದುಕರ ದುಡಿಮೆಯೂ ಅದರಲ್ಲಿಯೇ ಅಡಕವಾಗಿತ್ತು. ಆದುದರಿಂದ ಮಾಲೀಕನು ಕೊಳ್ಳುತ್ತಿದ್ದುದು ಒಬ್ಬ ಕುಶಲಿಯ ದುಡಿಮೆಯನ್ನಲ್ಲ, ಇಡೀ ಮನೆತನದ ದುಡಿಮೆಯನ್ನು. ಕಂಡಿಕೆ ಸುತ್ತುವ ಕೈಗೆ ಪ್ರತ್ಯೇಕ ಬೆಲೆಯೇ ಇರಲಿಲ್ಲ.

ವಿದ್ಯುತ್ ಮಗ್ಗಗಳು ಬಂದಮೇಲೆ ಈ ಹೊಂದಾಣಿಕೆ ಸಡಿಲಗೊಂಡಿತು. ಒಬ್ಬನೇ ಕೆಲಸಗಾರ ಒಂದಕ್ಕಿಂತ ಹೆಚ್ಚು ಮಗ್ಗಗಳನ್ನು ನೋಡಿಕೊಳ್ಳುವಂತಾದುದರಿಂದ ಪ್ರತಿ ಸೀರೆಯ ಮೇಲೆ ಬೀಳುವ ನೇಯ್ಗೆಯ ಕೂಲಿ ಇಳಿಯಿತು. ಲಾಳಿಯೆಸೆದು ಹೊಕ್ಕು ಹಾಕುವ ಕೈಚಳಕಕ್ಕೆ ಬೇಡಿಕೆ ಕುಗ್ಗಿ, ಹರಿದ ಎಳೆಯನ್ನು ಕೂಡಲೇ ಕಂಡು ಗಂಟು ಹಾಕುವ ಎಚ್ಚರಕ್ಕೂ ಯಂತ್ರ ರಿಪೇರಿ ಬಲ್ಲವನಿಗೂ ಬೇಡಿಕೆ ಹೆಚ್ಚಿತು. ಕಂಡಿಕೆ ಸುತ್ತುವುದು ಪ್ರತ್ಯೇಕ ಕೆಲಸವಾಗಿ, ಅಲ್ಪವೇ ಆದರೂ ತನ್ನದೇ ಕೂಲಿ ಪಡೆಯಿತು.

ದುಡಿಮೆಯ ಬೇಡಿಕೆ ವಸ್ತುವಿನ ಬೇಡಿಕೆಯಿಂದ ಹುಟ್ಟುತ್ತದೆಂದು ಆಲ್‌ಫ್ರೆಡ್ ಮಾರ್ಷಲ್ 1890ರಲ್ಲಿ ಪ್ರತಿಪಾದಿಸಿದನು. ಬದಲಿ ಸಿಗದ ಕುಶಲತೆಗೆ ಕೂಲಿ ಏರಿದರೂ ಬೇಡಿಕೆ ಬೇಗನೆ ಕುಗ್ಗದೆಂಬುದೂ ಆತನ ವಿವೇಚನೆಯಲ್ಲಿದೆ. ಇದೇ ಜಿಲ್ಲೆಯ ಇಳಕಲ್ ಸೀರೆ ಇದಕ್ಕೆ ನಿದರ್ಶನ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆಯಿಂದ ಕೂಡಿಸುವ ಕೊಂಡಿಯ ಕೆಲಸ ವಿದ್ಯುತ್ ಮಗ್ಗಕ್ಕೆ ಸುಲಭವಾಗಿ ಒಗ್ಗದು. ಸಾದಾ ನೇಯ್ಗೆಗಾದರೋ ಬದಲಿ ಸುಲಭವಾಗಿ ದೊರೆಯಿತು.

ಸರಕಾರವು ಎರಡು ಬಗೆಯಲ್ಲಿ ಮಧ್ಯೆ ಪ್ರವೇಶಿಸಿತು. 1948ರ ಕನಿಷ್ಠ ವೇತನ ಕಾಯ್ದೆ ಕೂಲಿಯ ದರವನ್ನು ಹಿಡಿದು ಹೊರಟರೆ, ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟ 1985ರ ಕಾಯ್ದೆ ವಸ್ತುವನ್ನು ಹಿಡಿದು ಹೊರಟಿತು. ನೇಕಾರನ ಬೇಡಿಕೆಯನ್ನು ಉಳಿಸುವ ಉದ್ದೇಶಕ್ಕೆ ಎರಡನೆಯದೇ ಹೆಚ್ಚು ನೇರವಾದುದು. ಏಕೆಂದರೆ ಸೀರೆ ಮಾರಾಟವಾಗದೆ ಕೂಲಿಯ ದರಕ್ಕೆ ಅರ್ಥವಿಲ್ಲ.

ಕುಶಲ, ಅರೆಕುಶಲ, ಅಕುಶಲ ಎಂಬ ವಿಂಗಡಣೆ ಕಾರ್ಖಾನೆಗೆ ಹೊಂದುವಂತಹದು. ಮನೆಯೇ ಕಾರ್ಖಾನೆಯಾಗಿದ್ದಲ್ಲಿ ಕಂಡಿಕೆ ಸುತ್ತಿದ ಕೈಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕೂಲಿಯ ಚರಿತ್ರೆ ಅಪೂರ್ಣವೇ ಸರಿ.