‘ಬ್ಲೈಟಿ’: ಒಂದು ಸೈನಿಕ ಪದದ ಎರಡು ಮುಖ

ಇಂಗ್ಲಿಷ್ ಆಡುಮಾತಿನಲ್ಲಿ ‘ಬ್ಲೈಟಿ’ ಎಂದರೆ ಬ್ರಿಟನ್. ಅದರಲ್ಲೂ ದೂರದಲ್ಲಿರುವವನು ಹಂಬಲಿಸುವ ತಾಯ್ನಾಡು. ಬೆಳೆರೋಗವನ್ನು ಹೇಳುವ ‘ಬ್ಲೈಟ್’ಗೂ ಇದಕ್ಕೂ ನಂಟಿಲ್ಲ. ಇದರ ಬೇರು ಅರಬ್ಬಿಯ ‘ವಿಲಾಯತ್’, ಅಂದರೆ ಆಳ್ವಿಕೆ, ಪ್ರಾಂತ್ಯ. ಪಾರಸಿಯ ಮೂಲಕ ಹಿಂದುಸ್ತಾನಿಗೆ ಬಂದ ಈ ಪದ ಪರದೇಶವನ್ನು, ಕ್ರಮೇಣ ಇಂಗ್ಲೆಂಡನ್ನು ಸೂಚಿಸತೊಡಗಿತು. ‘ವಿಲಾಯತಿ’ ಎಂಬ ವಿಶೇಷಣ ಉತ್ತರದ ಆಡುನುಡಿಯಲ್ಲಿ ವಕಾರ ಬಕಾರವಾಗಿ ‘ಬಿಲಾಯತಿ’ಯಾಯಿತು, ಬ್ರಿಟಿಷ್ ಸೈನಿಕರ ಬಾಯಲ್ಲಿ ಮೊದಲ ಸ್ವರ ಬಿದ್ದು ‘ಬ್ಲೈಟಿ’ ಎಂಬ ನಾಮಪದವಾಗಿ ನೆಲೆಗೊಂಡಿತು.

1886ರಲ್ಲಿ ಪ್ರಕಟವಾದ ಯೂಲ್ ಮತ್ತು ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’ ಕೋಶ ‘ಬಿಲಾಯತ್’ ಪದವನ್ನು ದಾಖಲಿಸಿದೆ. ಸೋಡಾ ನೀರಿಗೆ ‘ಬಿಲಾಯತಿ ಪಾನಿ’ ಎನ್ನುತ್ತಿದ್ದರೆಂದೂ ಅಲ್ಲಿದೆ. ಕನ್ನಡದ ‘ಸೀಮೆ’ಯೂ ಇದೇ ಜಾಡು ಹಿಡಿದಿದೆ. ಎಲ್ಲೆ, ಪ್ರದೇಶ ಎಂಬ ಅರ್ಥದಿಂದ ಹೊರಟ ಆ ಪದ ಸೀಮೆಎಣ್ಣೆ, ಸೀಮೆಸುಣ್ಣಗಳಲ್ಲಿ ಹೊರದೇಶದಿಂದ ಬಂದದ್ದನ್ನು ಹೇಳುತ್ತದೆ.

ಭಾರತದ ದಂಡುಗಳಲ್ಲಿ ಬಳಕೆಯಲ್ಲಿದ್ದ ಪದ ಮನೆಮಾತಾದದ್ದು ಮೊದಲನೆಯ ಮಹಾಯುದ್ಧದಲ್ಲಿ. ಫ್ರಾನ್ಸಿನ ಕಂದಕಗಳಲ್ಲಿ ಅದಕ್ಕೆ ಇನ್ನೊಂದು ಅರ್ಥ ಕೂಡಿಕೊಂಡಿತು: ಪ್ರಾಣ ತೆಗೆಯದ, ಆದರೆ ಊರಿಗೆ ಕಳುಹಿಸುವಷ್ಟು ಗಂಭೀರವಾದ ಗಾಯವೂ ‘ಬ್ಲೈಟಿ’ಯೇ. ಕೈಗೋ ಕಾಲಿಗೋ ಗುಂಡು ತಗುಲಿದವನನ್ನು ಜೊತೆಗಾರರು ಭಾಗ್ಯವಂತನೆಂದು ಕರೆಯುವಂಥ ಕಾಲ ಅದು.

ಈ ಅರ್ಥವಿಸ್ತಾರವನ್ನು ಬ್ರಿಟಿಷ್ ಸೈನಿಕನ ಕಡೆಯಿಂದಷ್ಟೇ ನೋಡಿದರೆ ಪದದ ಚರಿತ್ರೆ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ನನ್ನ ವಾದ. 1914ರ ಸೆಪ್ಟೆಂಬರಿನಲ್ಲಿ ಭಾರತೀಯ ಪಡೆಗಳು ಮಾರ್ಸೇಲ್ ಬಂದರಿನಲ್ಲಿ ಇಳಿದವು. ಗಾಯಗೊಂಡ ಸಿಪಾಯಿಗಳಲ್ಲಿ ಅನೇಕರನ್ನು ಇಂಗ್ಲೆಂಡಿಗೆ ಸಾಗಿಸಲಾಯಿತು. ಬ್ರೈಟನ್ನಿನ ರಾಯಲ್ ಪೆವಿಲಿಯನ್ ಅರಮನೆಯೇ ಅವರ ಆಸ್ಪತ್ರೆಯಾಯಿತು. ಅಲ್ಲಿ ಬೇರೆಬೇರೆ ಜಾತಿ-ಧರ್ಮದವರಿಗೆ ಪ್ರತ್ಯೇಕ ಅಡುಗೆಮನೆಗಳಿದ್ದವು. ಒಂದೇ ಬಗೆಯ ಗಾಯ ಬ್ರಿಟಿಷ್ ಸೈನಿಕನನ್ನು ಬ್ಲೈಟಿಗೆ, ಅಂದರೆ ಮನೆಗೆ, ತಲುಪಿಸಿದರೆ ಸಿಪಾಯಿಯನ್ನು ವಿಲಾಯತಿಗೆ, ಅಂದರೆ ಪರದೇಶಕ್ಕೆ, ಒಯ್ಯುತ್ತಿತ್ತು. ಪದ ಅವನ ನಾಡಿನದು. ಅದು ಕೊಡುವ ಸಮಾಧಾನ ಮಾತ್ರ ಅವನಿಗೆ ದಕ್ಕಲಿಲ್ಲ. ಗುಣವಾದ ಎಷ್ಟೋ ಮಂದಿಯನ್ನು ಮತ್ತೆ ಫ್ರಾನ್ಸಿನ ಕಾಳಗಕ್ಕೇ ಕಳುಹಿಸಲಾಯಿತು. ಒಮ್ಮೆ ಗಾಯಗೊಂಡ ಮೇಲೆ ಊರಿಗೆ ಬಿಡಬೇಕೆಂಬ ಅವರ ಅಳಲು, ಸೇನೆಯ ಸೆನ್ಸಾರ್ ಅಧಿಕಾರಿಗಳು ಇಂಗ್ಲಿಷಿಗೆ ಅನುವಾದಿಸಿ ಉಳಿಸಿದ ಪತ್ರಗಳಲ್ಲಿ ಇಂದಿಗೂ ಓದಸಿಗುತ್ತದೆ.