ಗಡಿಗೆರೆಯಾಚೆಯ ಮೇನ್ ರೋಡು

ಬಡಾವಣೆ ನಕ್ಷೆ ಬರೆಯುವುದು ನನ್ನ ಕಸುಬಾಗಿತ್ತು. ಬೆಂಗಳೂರಿನ ಖಾಸಗಿ ಎಂಜಿನಿಯರೊಬ್ಬರ ಕಚೇರಿಯಲ್ಲಿ ಟ್ರೇಸಿಂಗ್ ಬಟ್ಟೆಯ ಮೇಲೆ ಗೆರೆ ಎಳೆಯುತ್ತ ಸೇರಿದವನು, ಅಮೋನಿಯಾ ಪ್ರಿಂಟಿನ ಘಾಟು ಕುಡಿಯುತ್ತ ವಯಸ್ಸು ಕಳೆದೆ. ಹಾಗಾಗಿ ಈ ಊರಿನ ಚರಿತ್ರೆ ನನಗೆ ಕಾಣುವುದು ಮೇನು-ಕ್ರಾಸುಗಳಲ್ಲೇ.

ದೊಡ್ಡಪೇಟೆ, ಚಿಕ್ಕಪೇಟೆಗಳಲ್ಲಿ ಅಂಗಡಿಗಳ ನಡುವೆ ಉಳಿದದ್ದೇ ದಾರಿ. 1892ರಲ್ಲಿ ಚಾಮರಾಜಪೇಟೆ ಹುಟ್ಟಿದಾಗ ಲೆಕ್ಕ ತಿರುಗುಮುರುಗಾಯಿತು: ಮೊದಲು ರಸ್ತೆಯ ಗುರುತು, ಆಮೇಲೆ ನಿವೇಶನ. 1898ರ ಆಗಸ್ಟಿನಲ್ಲಿ ಪ್ಲೇಗು ಬಂದು ಪೇಟೆಯ ಜನ ದಿಕ್ಕಾಪಾಲಾದರು. ಆಗ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್, ಪ್ಲೇಗ್ ಕಮಿಷನರ್ ವಿ.ಪಿ. ಮಾಧವರಾವ್. ಬಸವನಗುಡಿ, ಮಲ್ಲೇಶ್ವರಗಳು ಆ ಭಯದಲ್ಲೇ ಮೈದುಂಬಿಕೊಂಡವು. ಅಗಲ ರಸ್ತೆ, ಮನೆಮನೆಗೂ ಗಾಳಿ ಬೆಳಕು, ಹಿತ್ತಲಿಗೆ ಕನ್ಸರ್ವೆನ್ಸಿ ಗಲ್ಲಿ. ಮಲ ಹೊರುವವರು ಮುಂಬಾಗಿಲ ಕಡೆ ಸುಳಿಯಬಾರದೆಂಬ ಕಟ್ಟಳೆಯನ್ನೂ ಆ ಗಲ್ಲಿಯ ಗೆರೆ ಹೇಳುತ್ತದೆ. ಹಳೇ ಬಡಾವಣೆಗಳ ಅಚ್ಚುಕಟ್ಟನ್ನು ಹೊಗಳುವವರು ಇದನ್ನೂ ಸೇರಿಸಿ ಹೇಳಬೇಕು.

ಆಗ ಮಂಜೂರಾತಿ ಎಂಬುದು ತಲೆನೋವೇ ಅಲ್ಲ. ಜಮೀನು ಹಿಡಿಯುವುದು, ನಕ್ಷೆ ಬರೆಸುವುದು, ಒಪ್ಪುವುದು ಎಲ್ಲ ಸರ್ಕಾರವೇ. ಮೈಸೂರಿನಲ್ಲಿ 1903ರಲ್ಲೇ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬಂತು, ಬೆಂಗಳೂರಿಗೆ 1945ರಲ್ಲಿ. ಜಯನಗರಕ್ಕೆ 1948ರಲ್ಲಿ ರಾಜಾಜಿ ಶಂಕುಸ್ಥಾಪನೆ ಮಾಡಿದ ನೆನಪಿಗೆ ಅಶೋಕ ಪಿಲ್ಲರ್ ಈಗಲೂ ನಿಂತಿದೆ.

ತೊಡಕು ಶುರುವಾದದ್ದು ಖಾಸಗಿಯವರು ಹೊಲ ಕೊಂಡು ಸೈಟು ಮಾಡತೊಡಗಿದ ಮೇಲೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮು ಜಮೀನನ್ನು ತುಂಡುಮಾಡಿ ಖಾಸಗಿ ರಸ್ತೆ ಹಾಕುವವರು ಮಂಜೂರಾತಿ ಪಡೆಯಬೇಕೆಂದಿತು. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಾಯ್ದೆಯ 32ನೇ ಕಲಮು ಇನ್ನಷ್ಟು ಬಿಗಿ. ರಸ್ತೆಯ ದಿಕ್ಕು, ಮಟ್ಟ, ಅಗಲ, ಚರಂಡಿ, ದೀಪ ಎಲ್ಲದರ ವಿವರ ಕೊಡಬೇಕು. ಹೊಸ ರಸ್ತೆಯ ಒಂದು ತುದಿಯಾದರೂ ಆಗಲೇ ತೆರೆದಿರುವ ರಸ್ತೆಗೆ ಸೇರದಿದ್ದರೆ ಅರ್ಜಿ ತಳ್ಳಿಹಾಕಬಹುದು. ನನ್ನ ಇಡೀ ಕಸುಬಿನ ಜಗಳ ಈ ಒಂದು ತುದಿಯದು.

ಒಂದು ಲೇಔಟಿನ ಕೆಲಸ ಹೇಳುತ್ತೇನೆ. ಊರ ಹೊರಗಿನ ರಾಗಿ ಹೊಲಗಳು. ಮೇಜಿನ ಮೇಲೆ ಗ್ರಾಮನಕ್ಷೆ, ಟಿಪ್ಪಣಿ, ಆಕಾರಬಂದಿನ ನಕಲು. ಚೈನಿಗೆ 33 ಅಡಿ, ಚೈನುದ್ದ ಚೈನಗಲಕ್ಕೆ ಒಂದು ಗುಂಟೆ, ಅಂದರೆ 1089 ಚದರಡಿ. ನಡುವೆ 60 ಅಡಿ ಅಗಲದ, 1000 ಅಡಿ ಉದ್ದದ ಮೇನ್ ರೋಡು ಎಳೆದೆ. ಲೇಔಟಿನ ಯಜಮಾನರು ಬಗ್ಗಿ ನೋಡಿದರು. “ಅರವತ್ತು ಯಾಕೆ ರಾಯರೇ? ನಲವತ್ತು ಸಾಕು ಬಿಡಿ.” ಅವರ ಬಾಯಲ್ಲಿ ಲೆಕ್ಕ ರೆಡಿ ಇತ್ತು: 60 ಅಡಿ ರಸ್ತೆ 55 ಗುಂಟೆ ನುಂಗುತ್ತದೆ; 20 ಅಡಿ ಕಮ್ಮಿ ಮಾಡಿದರೆ 30-40ರ ಹದಿನಾರು ಸೈಟು ಹೊರಡುತ್ತದೆ. ದುಡ್ಡು ಹಾಕಿದವರು, ಅವರ ಸಂಕಟವೂ ಸುಳ್ಳಲ್ಲ.

ಆದರೆ ಒಳಗಿನ ಅಗಲಕ್ಕಿಂತ ದೊಡ್ಡ ಪ್ರಶ್ನೆ ಗಡಿಗೆರೆಯಾಚೆ ಇತ್ತು. ಅಲ್ಲಿ ಗ್ರಾಮನಕ್ಷೆಯಲ್ಲಿದ್ದದ್ದು ಒಂದು ಬಂಡಿದಾರಿ ಮಾತ್ರ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಸೈಕಲ್ಲಿನವನು ಬೇಲಿಗೆ ಒರಗಿ ನಿಲ್ಲಬೇಕು. ಪಕ್ಕದ ಹೊಲದ ಗೌಡರನ್ನು ಕೇಳಿದರೆ, “ನಿಮ್ ಸೈಟಿಗೆ ರೇಟ್ ಬರ್ಲಿ ಅಂತ ನನ್ ಹೊಲ ಬಿಡ್ಲಾ ಸ್ವಾಮಿ?” ಅಂದರು. ಇದಕ್ಕೆ ಯಾವ ಕಾಯ್ದೆಯಲ್ಲೂ ನನಗೆ ಉತ್ತರ ಸಿಗಲಿಲ್ಲ. ಕೊನೆಗೆ ಗಡಿಯಾಚೆಗೆ ತುಂಡು ಗೆರೆ ಎಳೆದು ‘ಪ್ರಸ್ತಾವಿತ ರಸ್ತೆ’ ಎಂದು ಬರೆಸಿದರು. ಬರೆದವನು ನಾನೇ.

1984ರ ಸಮಗ್ರ ಅಭಿವೃದ್ಧಿ ಯೋಜನೆ, 1995ರ ಪರಿಷ್ಕರಣೆ, 2007ರಲ್ಲಿ ಒಪ್ಪಿಗೆಯಾದ ಇನ್ನೊಂದು, ಹೀಗೆ ಮಾಸ್ಟರ್ ಪ್ಲಾನುಗಳು ಬರುತ್ತಲೇ ಹೋದವು. ಸೈಟು ಮಾರುವವರಿಗೆ ಅವುಗಳ ಬಣ್ಣದ ಗೆರೆಗಳೇ ಬಂಡವಾಳ. “ಪ್ಲಾನಿನಲ್ಲಿ ನೂರಡಿ ರಸ್ತೆ ಇದೆ ಸಾರ್” ಅನ್ನುತ್ತಾರೆ. ಇರುತ್ತದೆ, ಸುಳ್ಳಲ್ಲ. ಅಷ್ಟರಿಂದಲೇ ಜಮೀನು ರಸ್ತೆಯಾಗುವುದಿಲ್ಲ. ಅದನ್ನು ಯಾರಾದರೂ ಕೊಟ್ಟಿರಬೇಕು ಇಲ್ಲವೇ ಸರ್ಕಾರ ಪರಿಹಾರ ಕೊಟ್ಟು ಹಿಡಿದಿರಬೇಕು. ನೂರು ವರ್ಷದ ಹಿಂದಿನವರು ಊರಿಗೆ ಮುಂಚೆ ರಸ್ತೆ ಹಾಕಿದ್ದರಲ್ಲಿ ಜಾಣತನವೆಷ್ಟಿತ್ತೋ, ಅಗ್ಗದ ಜಮೀನಿನ ಅನುಕೂಲವೂ ಅಷ್ಟೇ ಇತ್ತು. ನಾವು ಸೈಟು ಮಾರಿ ಮುಗಿಸಿ, ಬೆಲೆ ಏರಿದ ಮೇಲೆ ರಸ್ತೆಗೆ ಜಾಗ ಹುಡುಕುತ್ತೇವೆ.

ಸೈಟು ಕೊಳ್ಳುವವರಿಗೆ ಒಂದೇ ಮಾತು. ಒಳಗಿನ ಪಾರ್ಕು, ಕಮಾನು ಆಮೇಲೆ ನೋಡಿ. ನಕ್ಷೆಯ ಮೇನ್ ರೋಡಿನ ಮೇಲೆ ಬೆರಳಿಟ್ಟು ಗಡಿಗೆರೆ ದಾಟಿ ಹೋಗಿ. ಅಲ್ಲಿ ಗೆರೆ ತುಂಡುತುಂಡಾಗಿದ್ದರೆ ಆ ಜಮೀನು ಯಾರ ಹೆಸರಿನಲ್ಲಿದೆ ಎಂದು ಪಹಣಿ ತೆಗೆಸಿ. ರಸ್ತೆಗಳನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ರಿಲಿಂಕ್ವಿಷ್‌ಮೆಂಟ್ ಡೀಡ್ ನೋಂದಣಿಯಾಗಿದೆಯೇ ಕೇಳಿ, ನಕಲು ಕೈಗೆ ಬಂದ ಮೇಲೆ ಅಡ್ವಾನ್ಸ್ ಕೊಡಿ.