ಚಿತ್ರಕಥೆಗೊಂದು ಗೈಡು



ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ 'ಗೈಡು' ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ನನ್ನ ಹುಬ್ಬು ಗಂಟಿಕ್ಕುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪಠ್ಯಪುಸ್ತಕವನ್ನು ಮುಟ್ಟದೆ ಗೈಡಿನ ಉತ್ತರಗಳನ್ನು ಉರು ಹೊಡೆದು ಬಂದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಗುಬ್ಬಿಯಲ್ಲಿದ್ದಾಗ ಒಬ್ಬ ಹುಡುಗನ ಗೈಡನ್ನು ಕಿತ್ತುಕೊಂಡು ವಾರ್ಷಿಕ ಪರೀಕ್ಷೆ ಮುಗಿಯುವವರೆಗೂ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಅಂತಹ ನಾನು ಈಗ ತುಮಕೂರಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಮಗ್ಗುಲಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನಿಟ್ಟುಕೊಂಡು, ಮಕ್ಕಳ ಚಿತ್ರಕಥೆಗಳನ್ನು ಕುರಿತು ಬರೆದ ಗೈಡಿನಂತಹ ಪುಸ್ತಕವೊಂದನ್ನು ಎರಡು ಬಾರಿ ಓದಿ ಮುಗಿಸಿದ್ದೇನೆ. ಬೀರುವಿನ ಆ ಹುಡುಗ ಇದನ್ನು ಓದುತ್ತಿದ್ದರೆ ನಗಲಿ, ನಗುವ ಹಕ್ಕು ಅವನಿಗಿದೆ.

ಪುಸ್ತಕ ನಮ್ಮ ಅಮರ ಚಿತ್ರಕಥೆಯನ್ನು ಕುರಿತದ್ದು. ಬರೆದವರು ಅಮೆರಿಕದ ಕಾರ್ಲೈನ್ ಮೆಕ್‌ಲೇನ್ ಎಂಬ ವಿದುಷಿ, ಧರ್ಮಗಳ ಅಧ್ಯಯನ ಅವರ ಕ್ಷೇತ್ರ. ಇಂಡಿಯಾನಾ ವಿಶ್ವವಿದ್ಯಾಲಯದ ಮುದ್ರಣಾಲಯ 2009ರಲ್ಲಿ ಪ್ರಕಟಿಸಿದ ಇದರ ಹೆಸರು 'ಇಂಡಿಯಾಸ್ ಇಮ್ಮಾರ್ಟಲ್ ಕಾಮಿಕ್ ಬುಕ್ಸ್'. ಇದು ಪ್ರಕಾಶಕರು ತಾವೇ ಹೊರತಂದ ಕೈಪಿಡಿಯಲ್ಲ, ಹೊರಗಿನವರೊಬ್ಬರು ಬರೆದದ್ದು. ಲೇಖಕಿ ಮುಂಬಯಿಗೆ ಬಂದು ಅನಂತ ಪೈ ಅವರನ್ನೂ ಅಲ್ಲಿನ ಬರಹಗಾರರನ್ನೂ ಕಲಾವಿದರನ್ನೂ ಕಂಡು ಮಾತನಾಡಿಸಿ, ಈ ಪುಸ್ತಕಗಳನ್ನು ಓದಿ ಬೆಳೆದವರ ಅಭಿಪ್ರಾಯಗಳನ್ನೂ ಕೇಳಿ ಬರೆದಿದ್ದಾರೆ. ಅಮೆರಿಕದಲ್ಲಿರುವ ಶಿಷ್ಯನೊಬ್ಬ ರಜೆಗೆ ಬಂದಾಗ ತಂದುಕೊಟ್ಟ ಪ್ರತಿ ಕಳೆದೆರಡು ವರ್ಷಗಳಲ್ಲಿ ನನ್ನ ಕೈಯಿಂದ ಐದಾರು ಮನೆಗಳಿಗೆ ಹೋಗಿ ಬಂದಿದೆ. ಹಿಂದಿರುಗಿಸುವಾಗ ಪ್ರತಿಯೊಬ್ಬರೂ ಏನಾದರೂ ಹೇಳಿದ್ದಾರೆ. ಆ ಮಾತುಗಳೇ ಈ ಬರಹಕ್ಕೆ ಕಾರಣ.

ಮೊದಲು ನನ್ನ ಚಾಳಿಯಂತೆ ಒಂದು ಪ್ರಶ್ನೆ. ಅಮರ ಚಿತ್ರಕಥೆಯ ಮೊದಲ ಪುಸ್ತಕ ಯಾವುದು? ಯಾರನ್ನು ಕೇಳಿದರೂ 'ಕೃಷ್ಣ' ಎನ್ನುತ್ತಾರೆ. ರಾಮ ವಾಯೀರ್ಕರ್ ಅವರು ಚಿತ್ರ ಬರೆದ ಆ ಪುಸ್ತಕ 1969-70ರ ಸುಮಾರಿಗೆ ಬಂದಿತು. ಆದರೆ ಹಳೆಯ ಪ್ರತಿ ಸಿಕ್ಕರೆ ಮುಖಪುಟದಲ್ಲಿರುವ ಸಂಖ್ಯೆಯನ್ನು ನೋಡಿ, ಅದು 11. ಮೊದಲನೆಯ ಪುಸ್ತಕಕ್ಕೆ ಹನ್ನೊಂದನೆಯ ಸಂಖ್ಯೆ ಹೇಗೆ ಬಂದಿತು? ಶಾಸನವೊಂದರಲ್ಲಿ ಅರಸನ ಹೆಸರಿನ ಮುಂದೆ 'ಎರಡನೆಯ' ಎಂದಿದ್ದರೆ ಮೊದಲನೆಯವನೊಬ್ಬ ಇದ್ದಿರಲೇಬೇಕಲ್ಲವೆ?

ಮೊದಲ ಹತ್ತು ಇದ್ದವು. ಅವುಗಳಲ್ಲಿ ರಾಮನೂ ಇಲ್ಲ, ಕೃಷ್ಣನೂ ಇಲ್ಲ. ಹುರುಳಿ ಬಳ್ಳಿ ಹತ್ತಿದ ಜ್ಯಾಕ್, ಸಿಂಡರೆಲಾ, ಅಲ್ಲಾವುದ್ದೀನ, ಪಿನೋಕಿಯೋ, ಸ್ನೋವೈಟ್, ಹೀಗೆ ಪರದೇಶದ ಮಕ್ಕಳ ಕಥೆಗಳು. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಪುಸ್ತಕ ಮಾರಾಟವನ್ನು ಬೆಂಗಳೂರಿನಲ್ಲಿ ನೋಡಿಕೊಳ್ಳುತ್ತಿದ್ದ ಜಿ. ಕೆ. ಅನಂತರಾಮ್ ಅವರು, 1965ರಲ್ಲಿ ಈ ಮಾಲೆ ಆರಂಭವಾದದ್ದು ತಮ್ಮ ಸಲಹೆಯ ಮೇರೆಗೆ, ಅದೂ ಕನ್ನಡದಲ್ಲಿ, ಎಂದು ಹೇಳಿದ್ದಾರೆ. ಕನ್ನಡದ ಆ ಪುಸ್ತಕಗಳು ಚೆನ್ನಾಗಿ ಮಾರಾಟವಾದುದರಿಂದಲೇ ಮುಂಬಯಿಯ ಪ್ರಕಾಶಕರು ಇಂಗ್ಲಿಷಿನಲ್ಲಿಯೂ ಮುಂದುವರಿಸಲು ಮನಸ್ಸು ಮಾಡಿದರು ಎಂಬುದು ಅವರ ಮಾತು.

ಎಲ್ಲರಿಗೂ ಗೊತ್ತಿರುವ ಕಥೆ ಬೇರೆ. 1967ರಲ್ಲಿ ದೆಹಲಿಯ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವೊಂದರಲ್ಲಿ ಮಕ್ಕಳು ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರಿಸಿ, ರಾಮನ ತಾಯಿ ಯಾರೆಂದಾಗ ತಬ್ಬಿಬ್ಬಾದುದನ್ನು ಕಂಡ ಅನಂತ ಪೈ ಅವರಿಗೆ ಈ ಯೋಜನೆ ಹೊಳೆಯಿತು ಎಂಬ ಕಥೆ ಅದು. ದೆಹಲಿಯ ನಂದಿನಿ ಚಂದ್ರ ಅವರು 2008ರಲ್ಲಿ ಇದೇ ಮಾಲೆಯನ್ನು ಕುರಿತು ಬರೆದ ಇನ್ನೊಂದು ಗ್ರಂಥದ ಶೀರ್ಷಿಕೆಯಲ್ಲಿಯೂ 1967ರಿಂದ 2007ರವರೆಗೆ ಎಂದೇ ಇದೆ. ಎರಡು ವರ್ಷಗಳ ಅಂತರ ದೊಡ್ಡದೇನಲ್ಲ, ಆದರೆ ಆ ಎರಡು ವರ್ಷಗಳಲ್ಲಿ ಬೆಂಗಳೂರು ಮತ್ತು ಕನ್ನಡ ಎರಡೂ ಮರೆಯಾಗಿವೆ.

ಇಷ್ಟಕ್ಕೇ ಅಭಿಮಾನದಿಂದ ಎದೆಯುಬ್ಬಿಸಬೇಡಿ. ಅನಂತ ಪೈ ಅವರೂ ನಮ್ಮವರೇ, 1929ರ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ ಹುಟ್ಟಿದವರು. ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಹನ್ನೆರಡರ ವಯಸ್ಸಿನಲ್ಲಿ ಮುಂಬಯಿ ಸೇರಿದರು. 2011ರ ಫೆಬ್ರವರಿ 24ರಂದು ತೀರಿಕೊಳ್ಳುವವರೆಗೂ ದೇಶದ ಮಕ್ಕಳಿಗೆಲ್ಲ 'ಅಂಕಲ್ ಪೈ' ಆಗಿದ್ದರು. ಪರದೇಶದ ಕಥೆಗಳಿಂದ ಪುರಾಣಕ್ಕೆ, ಪುರಾಣದಿಂದ ಇತಿಹಾಸಕ್ಕೆ ಮಾಲೆಯನ್ನು ತಿರುಗಿಸಿ ನಾನೂರಕ್ಕೂ ಹೆಚ್ಚು ಪುಸ್ತಕಗಳವರೆಗೆ ಬೆಳೆಸಿದವರು ಅವರೇ. ಬೀಜ ಯಾರದು, ಬೆಳೆ ಯಾರದು ಎಂದು ಬೇರೆಬೇರೆಯಾಗಿ ಕೇಳಿದರೆ ಈ ಜಗಳ ಅರ್ಧಕ್ಕೇ ನಿಲ್ಲುತ್ತದೆ. ನನಗೆ ಬೇಸರ ತಂದ ಸಂಗತಿ ಇನ್ನೊಂದು. ಮರುಮುದ್ರಣಗಳಲ್ಲಿ ಕೃಷ್ಣನಿಗೆ 501 ಎಂಬ ಹೊಸ ಸಂಖ್ಯೆ ಕೊಟ್ಟರು. 11 ಎಂಬ ಅಂಕೆಯೇ ಇಲ್ಲವಾದ ಮೇಲೆ ಹಿಂದಿನ ಹತ್ತನ್ನು ಯಾವ ಮಗು ಕೇಳೀತು?

ನನ್ನ ಬಾಲ್ಯದ ಒಂದು ಚಿತ್ರ ಹೇಳಲೇ? ಗುಬ್ಬಿಯ ನಮ್ಮ ಸೋದರಮಾವನ ಮನೆಯ ಅಟ್ಟದಲ್ಲಿ ರಟ್ಟು ಕಿತ್ತುಹೋದ ಬಣ್ಣದ ಪುಸ್ತಕವೊಂದಿತ್ತು. ಮೋಡದವರೆಗೆ ಬೆಳೆದ ಬಳ್ಳಿ, ಅದನ್ನು ಹತ್ತುತ್ತಿರುವ ಹುಡುಗ. ಅಕ್ಷರ ಕನ್ನಡದ್ದೇ ಎಂದು ನನ್ನ ಮನಸ್ಸು ಸಾಧಿಸುತ್ತದೆ. ಆದರೆ ಐದಾರು ವರ್ಷದ ಹುಡುಗನ ಕಣ್ಣನ್ನು ಅರವತ್ತು ದಾಟಿದವನು ಸಾಕ್ಷಿಗೆ ಕರೆಯಬಾರದು. ಅದನ್ನು ನಿಮಗೆ ಹೇಳಿಕೊಟ್ಟವನೇ ನಾನು.

ಇನ್ನು ಓದಿದವರ ಮಾತು. ಕುಣಿಗಲ್ಲಿನ ಶಿಷ್ಯನೊಬ್ಬ, ಈಗ ಬೆಂಗಳೂರಿನಲ್ಲಿ ಎಂಜಿನಿಯರ್, ಪುಸ್ತಕವನ್ನು ಅರ್ಧಕ್ಕೇ ನಿಲ್ಲಿಸಿ ಹಿಂದಿರುಗಿಸಿದ. "ಸಾರ್, ಬೇಸಿಗೆ ರಜೆಯಲ್ಲಿ ಹುಣಸೆಮರದ ಕೆಳಗೆ ಕೂತು ಓದಿದ್ದನ್ನ ಇವರು ಆಸ್ಪತ್ರೆ ಟೇಬಲ್ ಮೇಲೆ ಮಲಗಿಸಿ ಕುಯ್ದಿದ್ದಾರೆ" ಎಂದ. ಅವನ ಸಿಟ್ಟಿನಲ್ಲಿ ನ್ಯಾಯವಿದೆ, ಆದರೆ ಮೊದಲ ನಲವತ್ತು ಪುಟಗಳಿಂದಾಚೆ ಅವನು ಹೋಗಿರಲಿಲ್ಲವೆಂಬುದು ಅವನು ಇಟ್ಟಿದ್ದ ಬಸ್ ಟಿಕೆಟ್ಟಿನಿಂದ ತಿಳಿಯಿತು.

ನನ್ನ ತಂಗಿಯ ಮಗಳು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅವಳು ಪೂರ್ತಿ ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಬೇರೆ ಎಳೆದಿದ್ದಳು. ಪತಿವ್ರತೆಯರನ್ನೂ ರಾಣಿಯರನ್ನೂ ಕುರಿತ ಅಧ್ಯಾಯ ಅವಳಿಗೆ ಹಿಡಿಸಿತು. "ಮಾವ, ಒಳ್ಳೆಯವರೆಲ್ಲ ಬೆಳ್ಳಗೆ, ರಾಕ್ಷಸರೆಲ್ಲ ಕಪ್ಪಗೆ. ಕಪ್ಪಗಿದ್ದ ನಾನು ಇದನ್ನ ಓದಿ ಎಷ್ಟು ಪೌಡರ್ ಬಳ್ಕೊಂಡೆ ಗೊತ್ತಾ?" ಎಂದು ನಗುತ್ತಲೇ ಕೇಳಿದಳು. ಉತ್ತರ ತೋಚದೆ, ಈ ಬಣ್ಣಗಳು ಚಿತ್ರಕಥೆಯವರ ಹೊಸ ಸೃಷ್ಟಿಯಲ್ಲ, ರವಿವರ್ಮನ ಅಚ್ಚಿನ ಪಟಗಳಿಂದ, ಕ್ಯಾಲೆಂಡರುಗಳಿಂದ ಬಂದವು ಎಂದೆ. ಮೆಕ್‌ಲೇನ್ ಕೂಡ ಆ ಪಟಗಳ ಪ್ರಭಾವವನ್ನು ತೋರಿಸಿದ್ದಾರೆ. ಗುಬ್ಬಿಯವರಾದ ನಮಗೆ ಅದರ ನಡುವೆ ಇನ್ನೊಂದು ಮೆಟ್ಟಿಲೂ ಕಾಣುತ್ತದೆ. ವೀರಣ್ಣನವರ ಕಂಪನಿ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದು ಕುರುಕ್ಷೇತ್ರ ಆಡಿತ್ತಲ್ಲ, ನಮ್ಮ ಹಿರಿಯರ ಕಣ್ಣಿನ ಕೃಷ್ಣ ಆ ಕಿರೀಟ ತೊಟ್ಟವನು. ಇಷ್ಟೆಲ್ಲ ಹೇಳಿದೆ. "ಅದು ಪೌಡರಿಗೆ ಉತ್ತರ ಆಗಲಿಲ್ಲ" ಎಂದಳು. ಆಗಿರಲಿಲ್ಲ.

ಮೂರನೆಯವನ ಮಾತಿಗಾಗಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ.

1990ರ ಆಸುಪಾಸಿನಲ್ಲಿ ನಾನು ಕುಣಿಗಲ್ಲಿನಲ್ಲಿ ಎಂಟನೆಯ ತರಗತಿಗೆ ಇತಿಹಾಸ ಹೇಳುತ್ತಿದ್ದೆ. ಹುಡುಗನೊಬ್ಬ ಇಂಗ್ಲಿಷಿನ 'ಶಿವಾಜಿ' ಚಿತ್ರಕಥೆಯನ್ನು ತಂದಿದ್ದ. ಭೂಪಟ ಬಿಟ್ಟರೆ ಬೇರೇನೂ ಇಲ್ಲದ ತರಗತಿಯಲ್ಲಿ ಅದೊಂದು ನಿಧಿ. ಪುಟಗಳನ್ನು ಎತ್ತಿ ಹಿಡಿದು, ಮಾತುಗಳನ್ನು ಕನ್ನಡಕ್ಕೆ ತಿರುಗಿಸಿ, ಅಫ್ಜಲ್‌ಖಾನನ ಅಟ್ಟಹಾಸ, ವ್ಯಾಘ್ರನಖ, ಪ್ರತಾಪಗಡದ ಕೊನೆ, ಎಲ್ಲವನ್ನೂ ಅಭಿನಯಿಸಿದೆ. ಅಂದಿನ ಪಾಠ ರಂಗೇರಿತ್ತೆಂದು ವರ್ಷಗಟ್ಟಲೆ ಹೇಳಿಕೊಂಡಿದ್ದೇನೆ, ಟ್ರೈನಿಂಗಿಗೆ ಬಂದ ಬಿ.ಎಡ್. ವಿದ್ಯಾರ್ಥಿಗಳಿಗೂ ಮಾದರಿಯೆಂದು ಹೇಳಿದ್ದೇನೆ.

ಆ ತರಗತಿಯಲ್ಲಿದ್ದ ಒಬ್ಬ ಮುಸಲ್ಮಾನ ಹುಡುಗ ಈಗ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಅವನ ಮಗಳು ಬಿ.ಎ. ಓದುತ್ತಿರುವುದರಿಂದ ಪುಸ್ತಕ ಅವರ ಮನೆಗೂ ಹೋಯಿತು. ಶಿವಾಜಿಯನ್ನು ಕುರಿತ ಅಧ್ಯಾಯವನ್ನೂ, ಮುಸಲ್ಮಾನರನ್ನು ಈ ಮಾಲೆ ಹೇಗೆ ಚಿತ್ರಿಸಿತೆಂಬ ಅಧ್ಯಾಯವನ್ನೂ ಮಗಳು ಓದಿ ಅಪ್ಪನಿಗೆ ಹೇಳಿದ್ದಳು. ಅಕ್ಬರನಂತಹ ಸಹಿಷ್ಣು ಒಂದು ಕಡೆ, ಮತಾಂಧ ಖಳ ಇನ್ನೊಂದು ಕಡೆ, ನಡುವೆ ಸಾಮಾನ್ಯ ಮನುಷ್ಯನಿಗೆ ಜಾಗ ಕಡಿಮೆ ಎಂಬುದು ಲೇಖಕಿಯ ವಾದದ ತಿರುಳು. ಪುಸ್ತಕ ಹಿಂದಿರುಗಿಸಲು ಬಂದವನು ಕಾಫಿ ಕುಡಿದು, ಎದ್ದು ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳಿದ: "ಆ ವಾರ ಪೂರ್ತಿ ರೀಸೆಸ್ಸಿನಲ್ಲಿ ಅದೇ ಆಟ ಸಾರ್. ನಾನು ಆರು ಸಲ ಸತ್ತೆ. ಒಂದು ಸಲವಾದ್ರೂ ನಾನು ಶಿವಾಜಿ ಆಗ್ತೀನಿ ಅಂತ ನಿಮ್ಮ ಹತ್ರ ಬಂದು ಕೇಳಿದ್ದೆ. ನೀವು ನಕ್ಕುಬಿಟ್ರಿ."

ನನಗೆ ನೆನಪಿಲ್ಲ. ಎಷ್ಟು ಕೆದಕಿದರೂ ನೆನಪಿಗೆ ಬರುತ್ತಿಲ್ಲ. ಪಾಠ ರಂಗೇರಿದ್ದು ನೆನಪಿದೆ, ಅವನು ಬಂದು ಕೇಳಿದ್ದು ನೆನಪಿಲ್ಲ.

ಅಂದು ನಾನು ಏನನ್ನು ಹೇಳಬಹುದಿತ್ತು ಎಂದು ಆಮೇಲೆ ಪಟ್ಟಿ ಮಾಡಿಕೊಂಡೆ. ಶಿವಾಜಿಯ ತಂದೆ ಷಹಾಜಿ 1638ರಲ್ಲಿ ನಮ್ಮ ಸೀಮೆಗೆ ಬಂದದ್ದು ಬಿಜಾಪುರದ ಸುಲ್ತಾನನ ಸರದಾರನಾಗಿ, ರಣದುಲ್ಲಾಖಾನನ ಜೊತೆಯಲ್ಲಿ. ಬೆಂಗಳೂರು ಅವನಿಗೆ ಜಹಗೀರಾಗಿ ಬಂದಿತು. 1664ರಲ್ಲಿ ಅವನು ಸತ್ತದ್ದು ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ, ಸಮಾಧಿ ಇಂದಿಗೂ ಅಲ್ಲಿದೆ. 1659ರಲ್ಲಿ ಅಫ್ಜಲ್‌ಖಾನನ ಪರವಾಗಿ ಶಿವಾಜಿಯ ಬಳಿ ಮಾತುಕತೆಗೆ ಹೋದ ವಕೀಲ ಕೃಷ್ಣಾಜಿ ಭಾಸ್ಕರನೆಂಬ ಬ್ರಾಹ್ಮಣ. ಅದೇ ಅಫ್ಜಲ್‌ಖಾನ ಅದಕ್ಕೂ ಮುಂಚೆ ನಮ್ಮ ಶಿರಾದ ಕಸ್ತೂರಿರಂಗ ನಾಯಕನನ್ನು ಸಂಧಾನಕ್ಕೆಂದು ಕರೆಸಿ ಕೊಂದನೆಂದು ಮರಾಠರ ಇತಿಹಾಸ ಬರೆದವರು ಹೇಳುತ್ತಾರೆ. ಇದನ್ನೂ ಮುಚ್ಚಿಡುವಂತಿಲ್ಲ, ಖಾನ ಸಾಧುವೇನಲ್ಲ. ಆದರೆ ಸುಲ್ತಾನನ ಸೈನ್ಯದಲ್ಲಿ ಮರಾಠ ಸರದಾರನೂ ಖಾನನ ಆಸ್ಥಾನದಲ್ಲಿ ಬ್ರಾಹ್ಮಣ ವಕೀಲನೂ ಇದ್ದ ಕಾಲವನ್ನು ಮೂವತ್ತೆರಡು ಪುಟಗಳ ಚೌಕಟ್ಟುಗಳಿಂದ ಮಾತ್ರ ಹೇಳಿದರೆ ಮಕ್ಕಳಿಗೆ ಎರಡೇ ಪಾತ್ರಗಳು ಉಳಿಯುತ್ತವೆ. ತುಮಕೂರಿನಿಂದ ಐವತ್ತು ಕಿಲೋಮೀಟರು ದೂರದ ಶಿರಾದಲ್ಲಿ 1651ರ ಮಲಿಕ್ ರಿಹಾನನ ಗೋರಿಯಿದೆ, 1696ರ ಜಾಮಿಯಾ ಮಸೀದಿಯಿದೆ, ಮೊಗಲರು 1687ರಲ್ಲಿ ಸುಬಾ ಸ್ಥಾಪಿಸಿ ಆಳಿದ ಊರದು. ಒಂದು ದಿನದ ಪ್ರವಾಸಕ್ಕೆ ಆಗುವಷ್ಟು ಹತ್ತಿರ. ನಾನು ಮಕ್ಕಳನ್ನು ಕರೆದುಕೊಂಡು ಹೋದದ್ದು ಬೇಲೂರು, ಹಳೇಬೀಡಿಗೆ.

ಮಾಲೆಯನ್ನು ಪೂರ್ತಿ ದೂರುವಂತೆಯೂ ಇಲ್ಲ. ಅಕ್ಬರ, ಶೇರ್ ಷಾ, ಚಾಂದ್ ಬೀಬಿ, ರಜಿಯಾ ಎಲ್ಲರ ಪುಸ್ತಕಗಳೂ ಅದರಲ್ಲಿವೆ. ನಮ್ಮ ಬಸವೇಶ್ವರ, ಮಧ್ವಾಚಾರ್ಯ, ಕೃಷ್ಣದೇವರಾಯ, ಕಿತ್ತೂರ ರಾಣಿ ಬೇರೆ ರಾಜ್ಯಗಳ ಮಕ್ಕಳಿಗೆ ಪರಿಚಯವಾದದ್ದೂ ಬಹುಮಟ್ಟಿಗೆ ಇವುಗಳಿಂದಲೇ. ತರಗತಿಗೆ ಯಾವುದನ್ನು ಒಯ್ಯಬೇಕು, ಒಯ್ದು ಏನು ಹೇಳಬೇಕು ಎಂಬುದು ಚಿತ್ರಕಾರನ ಕೆಲಸವಾಗಿರಲಿಲ್ಲ, ನನ್ನದಾಗಿತ್ತು.

ಮೆಕ್‌ಲೇನ್ ಅವರ ಪುಸ್ತಕ ಹೇಗಿದೆ ಎಂದು ಅವನನ್ನು ಕೇಳಿದೆ. ಚೆನ್ನಾಗಿದೆ, ಆದರೆ ಉದ್ದವಾಯಿತು ಎಂದ. ಮಗಳು ಚಿಕ್ಕವಳಿದ್ದಾಗ ಅವಳಿಗೆ ಅವನೇ ಅಮರ ಚಿತ್ರಕಥೆಗಳನ್ನು ಕಟ್ಟುಕಟ್ಟಾಗಿ ತಂದುಕೊಟ್ಟಿದ್ದನಂತೆ, 'ಶಿವಾಜಿ'ಯೂ ಸೇರಿ. ನನಗೆ ಪುಸ್ತಕದ ಬಗೆಗಿರುವ ಆಕ್ಷೇಪ ಬೇರೆ. ವಿದ್ವತ್ತಿನ ಪರಿಭಾಷೆ ಕೆಲವೆಡೆ ಕಡಲೆಯೊಳಗಿನ ಕಲ್ಲಿನಂತೆ ಸಿಗುತ್ತದೆ, ಮತ್ತು ಮುಂಬಯಿಯ ಕಚೇರಿಯ ಮೇಜು ಕಂಡಷ್ಟು ಸ್ಪಷ್ಟವಾಗಿ ತಾಲ್ಲೂಕು ಕೇಂದ್ರದ ಶಾಲೆಯ ಬೆಂಚು ಕಾಣುವುದಿಲ್ಲ. ಅದನ್ನು ಅಮೆರಿಕದಿಂದ ಬಂದವರು ಬರೆಯಲಿ ಎಂದು ಕಾಯುವುದೂ ತಪ್ಪೇ.

ಶನಿವಾರ ಅವನೂ ಮಗಳೂ ಬರುತ್ತಾರೆ, ನಾವು ಮೂವರೂ ಶಿರಾಕ್ಕೆ ಹೋಗಿ ಬರುವುದೆಂದು ಮಾತಾಗಿದೆ. ಅಷ್ಟರಲ್ಲಿ ನಿಮ್ಮಲ್ಲೊಂದು ವಿನಂತಿ. ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ತುಮಕೂರಿನಲ್ಲೋ ನಿಮ್ಮ ಹಳೆಯ ಮನೆಯ ಅಟ್ಟದಲ್ಲಿ ಕನ್ನಡದ ಜ್ಯಾಕ್, ಸಿಂಡರೆಲಾ ಯಾವುದಾದರೂ ಉಳಿದಿದ್ದರೆ, ರಟ್ಟಿಲ್ಲದಿದ್ದರೂ ಸರಿ, ಧೂಳು ಕೊಡವಿ ಒಳಪುಟದಲ್ಲಿ ಅಚ್ಚಾದ ವರ್ಷವನ್ನೂ ಸಂಖ್ಯೆಯನ್ನೂ ಗುರುತು ಹಾಕಿಕೊಂಡು ನನಗೆ ತಿಳಿಸಿ. ಪುಸ್ತಕ ಕೊಡಬೇಕಾಗಿಲ್ಲ, ನಾನೇ ಬಸ್ಸು ಹತ್ತಿ ಬಂದು ನೋಡುತ್ತೇನೆ.